ಗೂಡ್ಸ್ ಗಾಡಿಯ ಕೈಯಲ್ಲಿ ಉಳಿದ ಟೋಕನ್

1997ರ ಜುಲೈ 4ರಂದು ಪಾಥ್‌ಫೈಂಡರ್ ನೌಕೆ ಗಾಳಿಚೀಲಗಳ ಮೇಲೆ ಪುಟಿಯುತ್ತ ಮಂಗಳದ ನೆಲ ಮುಟ್ಟಿತು. ಅದರಿಂದ ಆರು ಗಾಲಿಯ ಪುಟ್ಟ ರೋವರ್ ಸೊಜರ್ನರ್ ಕೆಳಗಿಳಿದಾಗ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಹಬ್ಬ. ಹವಾಮಾನದ ಅಳತೆ ಶುರುವಾಗಿ ಕೆಲವೇ ದಿನಗಳಾಗಿದ್ದವು, ನೌಕೆಯ ಕಂಪ್ಯೂಟರ್ ತಾನೇ ತಾನಾಗಿ ರೀಸೆಟ್ ಆಯಿತು. ಆ ದಿನದ ಉಳಿದ ಕೆಲಸವೆಲ್ಲ ಮರುದಿನಕ್ಕೆ ಹೋಯಿತು. ಆಮೇಲೆ ಮತ್ತೆ ರೀಸೆಟ್.

ಬಿಚ್ಚಿ ನೋಡೋಣವೆಂದರೆ ಯಂತ್ರ ಕೋಟ್ಯಂತರ ಕಿಲೋಮೀಟರ್ ಆಚೆಗಿತ್ತು. ತಂತ್ರಾಂಶ ತಂಡದ ಮುಖ್ಯಸ್ಥ ಗ್ಲೆನ್ ರೀವ್ಸ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿದ್ದ ಅದರ ಅವಳಿಯನ್ನು ಹಿಡಿದು ಕೂತರು. ಒಳಗೆ ನಡೆಯುವುದನ್ನೆಲ್ಲ ದಾಖಲಿಸುವ ಟ್ರೇಸ್ ಸೌಲಭ್ಯವನ್ನು ಚಾಲೂ ಮಾಡಿ, ಅಲ್ಲಿ ಮಾಡಿಸಿದ್ದನ್ನೇ ಇಲ್ಲಿಯೂ ಮಾಡಿಸಿದರು. ಹಾಳಾಗಲೆಂದು ಕಾಯುವಾಗ ಯಂತ್ರ ಹಟ ಹಿಡಿದಂತೆ ಸರಿಯಾಗಿಯೇ ಓಡುತ್ತದೆ. ಆದರೂ 18 ಗಂಟೆ ತುಂಬುವ ಮೊದಲೇ ಅವಳಿಯೂ ರೀಸೆಟ್ ಆಯಿತು. ದಾಖಲೆ ತೆರೆದದ್ದೇ ತಡ, ಕಳ್ಳ ಸಿಕ್ಕಿಬಿದ್ದ.

ಆ ಕಳ್ಳ ಯಾರೆಂದು ಹುಬ್ಬಳ್ಳಿಯ ರೈಲು ಮಂದಿಗೆ ಬೇಗ ತಿಳಿದೀತು. ಒಂಟಿ ಹಳಿಗಿಳಿಯಲು ಪರವಾನಗಿಯಾದ ಟೋಕನ್ ಗೂಡ್ಸ್ ಗಾಡಿಯ ಕೈಯಲ್ಲಿದೆ, ಎಕ್ಸ್‌ಪ್ರೆಸ್ ಅದಕ್ಕಾಗಿ ಕಾದಿದೆ. ಅಷ್ಟರಲ್ಲಿ ಅಡ್ಡಹಳಿಯ ಪ್ಯಾಸೆಂಜರ್ ಗಾಡಿಗಳು ತಮ್ಮದೇ ಮೊದಲೆಂದು ಗೂಡ್ಸನ್ನು ತಡೆದವು. ಗೂಡ್ಸ್ ಸರಿಯದೆ ಟೋಕನ್ ಬಿಡದು, ಟೋಕನ್ ಸಿಗದೆ ಎಕ್ಸ್‌ಪ್ರೆಸ್ ಕದಲದು. ನೌಕೆಯಲ್ಲಿ ಹವಾಮಾನದ ಕೆಲಸವೇ ಗೂಡ್ಸ್, ಮಾಹಿತಿ ಹಂಚುವ ತುರ್ತಿನ ಕೆಲಸವೇ ಎಕ್ಸ್‌ಪ್ರೆಸ್, ನಡುವಿನ ಆದ್ಯತೆಯ ಬೇರೆ ಕೆಲಸಗಳೇ ಪ್ಯಾಸೆಂಜರ್, ಒಂದು ಸಲಕ್ಕೆ ಒಬ್ಬರಿಗಷ್ಟೇ ಸಿಗುವ ಬೀಗವೇ (ಮ್ಯೂಟೆಕ್ಸ್) ಟೋಕನ್. ತುರ್ತಿನ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡು ಕಾವಲು ವ್ಯವಸ್ಥೆ ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು.

ಮದ್ದು ಮೊದಲೇ ಇತ್ತು. ಟೋಕನ್ ಹಿಡಿದಿರುವಷ್ಟು ಹೊತ್ತು ಗೂಡ್ಸಿಗೇ ಎಕ್ಸ್‌ಪ್ರೆಸ್ಸಿನ ಆದ್ಯತೆ ಕೊಡುವುದು. ಲುಯಿ ಶಾ, ರಗುನಾಥನ್ ರಾಜ್‌ಕುಮಾರ್, ಜಾನ್ ಲೆಹೋಕ್ಜ್‌ಕಿ 1990ರಲ್ಲೇ ಇದನ್ನು ಬರೆದಿದ್ದರು. ನೌಕೆಯ ತಂತ್ರಾಂಶದಲ್ಲೂ ಆ ಸೌಲಭ್ಯವಿತ್ತು, ಆದರೆ ಆಫ್ ಆಗಿತ್ತು. ಭೂಮಿಯಿಂದಲೇ ಆನ್ ಮಾಡಿದರು. ರೀಸೆಟ್ ನಿಂತಿತು.

ಆ ಡಿಸೆಂಬರಿನಲ್ಲಿ ರೀವ್ಸ್ ಇಡೀ ಸಂಗತಿಯನ್ನು ಬೇರೆ ಎಂಜಿನಿಯರುಗಳ ಉಪಯೋಗಕ್ಕೆಂದು ಬಿಚ್ಚಿ ಬರೆದರು. ನೌಕೆ ಇಳಿಯುವ ಮುಂಚೆಯೇ ಈ ದೋಷ ತಲೆ ಹಾಕಿತ್ತು, ಹುಡುಕಹೋದಾಗ ಮರುಕಳಿಸಲಿಲ್ಲ, ಇಳಿಸುವ ಕೆಲಸದ ಗಡಿಬಿಡಿಯಲ್ಲಿ ಹೊತ್ತು ಸಾಲಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆ ಬರಹದ ದೊಡ್ಡತನ ಇರುವುದೇ ಅಲ್ಲಿ.

ಆ ದೊಡ್ಡತನ ಹುಬ್ಬಳ್ಳಿಯ ತರಗತಿಗೂ ಬೇಕು. 1947ರಲ್ಲಿ ಶುರುವಾದ ಇಲ್ಲಿನ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ವಿದ್ಯಾನಗರದ ಅದರ ಆವರಣದಲ್ಲಿ ಈಗ ರೊಬೊಟಿಕ್ಸ್ ಕಲಿಸುತ್ತಾರೆ. ಒಮ್ಮೆ ರೀಸೆಟ್ ಆಗಿ ತಾನೇ ಸರಿಹೋದ ರೋಬೋವನ್ನು ‘ಬ್ಯಾಟರಿ ಲೂಸ್ ಇರಬೇಕು’ ಎಂದು ಬಿಡದೆ, ಆ ಕ್ಷಣ ಅದು ಏನು ಮಾಡುತ್ತಿತ್ತೆಂದು ಬರೆದು ಪಕ್ಕದ ಟೇಬಲ್ಲಿನ ತಂಡಕ್ಕೂ ತೋರಿಸಬೇಕು. ವಿದ್ಯಾರ್ಥಿಗಳು ಬಳಸುವ ಫ್ರೀಆರ್‌ಟಿಒಎಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಮ್ಯೂಟೆಕ್ಸಿಗೆ ಆದ್ಯತೆ ಕೊಡುವ ಆ ಮದ್ದು ಸೇರಿಯೇ ಬರುತ್ತದೆ. ಅದರಂತೆಯೇ ಕಾಣುವ ಬೈನರಿ ಸೆಮಾಫೋರಿಗೆ ಇಲ್ಲ.