ಕಾಕನಕೋಟೆಯ ಖೆಡ್ಡಾ

ಖೆಡ್ಡಾ ಎಂಬುದು ಕಾಡಾನೆಗಳ ಇಡೀ ಹಿಂಡನ್ನು ಸುತ್ತುವರಿದು, ಭದ್ರವಾದ ಆವರಣದೊಳಗೆ ಅಟ್ಟಿ ಸೆರೆಹಿಡಿಯುವ ವಿಧಾನ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕಾಕನಕೋಟೆ ಅರಣ್ಯವು ಇದಕ್ಕೆ ಹೆಸರಾಗಿತ್ತು. ಇಲ್ಲಿ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 'ಖೆಡ್ಡಾ' ಪದವು 'ಅಟ್ಟು, ಓಡಿಸು' ಎಂಬ ಅರ್ಥದ ಉತ್ತರ ಭಾರತದ ಪದದಿಂದ ಬಂದಿದೆ.

ಇತಿಹಾಸ

ಮೈಸೂರು ಸೀಮೆಯಲ್ಲಿ ಮೊದಲು ಆನೆಗಳನ್ನು ಹೆಚ್ಚಾಗಿ ಗುಂಡಿ ತೋಡಿ ಹಿಡಿಯಲಾಗುತ್ತಿತ್ತು. ಗುಂಡಿಗೆ ಬಿದ್ದ ಆನೆ ಕಾಲು ಮುರಿದುಕೊಳ್ಳುವುದೂ ಸಾಯುವುದೂ ಸಾಮಾನ್ಯವಾಗಿತ್ತು. ಬ್ರಿಟಿಷ್ ಕಮಿಷನರುಗಳ ಆಡಳಿತದ ಕಾಲದಲ್ಲಿ, 1873–74ರ ಸುಮಾರಿಗೆ, ನೀರಾವರಿ ಇಲಾಖೆಯ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸಮೀಪ ಖೆಡ್ಡಾ ವಿಧಾನವನ್ನು ಯಶಸ್ವಿಯಾಗಿ ಪ್ರಯೋಗಿಸಿದನು. ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಇದೇ ಪ್ರಯತ್ನ ಮಾಡಿ ವಿಫಲನಾಗಿದ್ದನೆಂದೂ, ಮುಂದೆ ಇದಕ್ಕೆ ಕೈಹಾಕುವವರಿಗೆ ಶಾಪವನ್ನು ಕಲ್ಲಿನಲ್ಲಿ ಬರೆಸಿದ್ದನೆಂದೂ ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಒಡೆಯರ ಆಳ್ವಿಕೆ ಮರಳಿದ ಬಳಿಕ ಕಾಕನಕೋಟೆ ಮತ್ತು ಕಾರಾಪುರ ಖೆಡ್ಡಾದ ಮುಖ್ಯ ನೆಲೆಗಳಾದವು. ಅರಮನೆಯ ಗಣ್ಯ ಅತಿಥಿಗಳಿಗಾಗಿಯೂ ಖೆಡ್ಡಾಗಳನ್ನು ಏರ್ಪಡಿಸಲಾಗುತ್ತಿತ್ತು.

ವಿಧಾನ

ಮೊದಲು ಜಾಡು ಬಲ್ಲವರು ಹಿಂಡಿನ ನೆಲೆಯನ್ನು ಗುರುತಿಸುತ್ತಿದ್ದರು. ಬಳಿಕ ನೂರಾರು ಜನರು ದೂರದಿಂದ ಸುತ್ತುಗಟ್ಟಿ, ರಾತ್ರಿ ಬೆಂಕಿ ಹಾಕಿ, ತಮಟೆ ಮತ್ತು ಬಂದೂಕಿನ ಸದ್ದಿನಿಂದ ಹಿಂಡನ್ನು ನಿಧಾನವಾಗಿ ಮುಂದಕ್ಕೆ ಅಟ್ಟುತ್ತಿದ್ದರು. ಕಾಕನಕೋಟೆಯಲ್ಲಿ ಆನೆಗಳನ್ನು ಕಬಿನಿ ನದಿಗೆ ಇಳಿಸಿ, ಆಚೆ ದಡದ ಆವರಣಕ್ಕೆ ಹತ್ತಿಸುವ 'ನದಿ ಅಟ್ಟುವಿಕೆ' ಪ್ರಸಿದ್ಧವಾಗಿತ್ತು. ಆವರಣಕ್ಕೆ ದಪ್ಪ ದಿಮ್ಮಿಗಳ ಬೇಲಿಯೂ ಕಂದಕವೂ ಇರುತ್ತಿದ್ದವು. ಹಿಂಡು ಒಳಹೊಕ್ಕೊಡನೆ ಬಾಗಿಲನ್ನು ಬೀಳಿಸಲಾಗುತ್ತಿತ್ತು. ಅನಂತರ ಮಾವುತರು ಪಳಗಿದ ಕುಮ್ಕಿ ಆನೆಗಳ ಮೇಲೆ ಒಳಹೋಗಿ, ಕಾಡಾನೆಗಳ ಕಾಲು ಮತ್ತು ಕೊರಳಿಗೆ ಹಗ್ಗ ಬಿಗಿಯುತ್ತಿದ್ದರು. ಈ ಕೆಲಸದಲ್ಲಿ ಜೇನುಕುರುಬ ಮತ್ತು ಕಾಡುಕುರುಬ ಸಮುದಾಯಗಳ ಕಾಡಿನ ಅರಿವು ಬಹುಮುಖ್ಯವಾಗಿತ್ತು.

ವೈಜ್ಞಾನಿಕ ಹಿನ್ನೆಲೆ

ಏಷ್ಯಾದ ಹೆಣ್ಣಾನೆಗಳೂ ಮರಿಗಳೂ ಹಿರಿಯ ಹೆಣ್ಣಾನೆಯೊಂದರ ಹಿಂದೆ ಗುಂಪಾಗಿ ಬಾಳುತ್ತವೆ. ಪ್ರಾಯಕ್ಕೆ ಬಂದ ಗಂಡಾನೆಗಳು ಬಹುಮಟ್ಟಿಗೆ ಬೇರೆಯಾಗಿರುತ್ತವೆ. ಅಪಾಯ ಎದುರಾದಾಗ ಹಿಂಡು ಚದುರದೆ ಒತ್ತಾಗಿ ಚಲಿಸುತ್ತದೆ. ತಮ್ಮನ್ನು ಕಾಪಾಡಿಕೊಳ್ಳುವ ಈ ಸ್ವಭಾವವೇ ಆನೆಗಳನ್ನು ಒಟ್ಟಿಗೆ ಸೆರೆಗೆ ಒಡ್ಡುತ್ತಿತ್ತು. ಆನೆಗಳು ಚೆನ್ನಾಗಿ ಈಜಬಲ್ಲವಾದ್ದರಿಂದ ನದಿಯ ಮೂಲಕ ಅಟ್ಟುವುದು ಸಾಧ್ಯವಾಯಿತು. ಆನೆಯ ಗರ್ಭಾವಧಿ 18ರಿಂದ 22 ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಹಲವು ವರ್ಷಗಳ ಅಂತರವಿರುತ್ತದೆ. ಆದಕಾರಣ ತಾಯಿ ಮರಿಗಳೊಡನೆ ಇಡೀ ಹಿಂಡನ್ನು ತೆಗೆದುಬಿಟ್ಟರೆ ಆ ನಷ್ಟ ಬೇಗ ತುಂಬುವುದಿಲ್ಲ. ಹಗ್ಗದ ಗಾಯ, ಗಾಬರಿ ಮತ್ತು ಪಳಗಿಸುವಾಗಿನ ಕಷ್ಟದಿಂದ ಸಾಯುತ್ತಿದ್ದ ಆನೆಗಳೂ ಇದ್ದವು.

ಅಂತ್ಯ ಮತ್ತು ನಂತರ

ಬೀಚನಹಳ್ಳಿಯ ಬಳಿ ಕಟ್ಟಲಾದ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡು, ಖೆಡ್ಡಾ ನಡೆಯುತ್ತಿದ್ದ ನದಿಬಯಲು ಹಿನ್ನೀರಿನಲ್ಲಿ ಮುಳುಗಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. 1977ರಲ್ಲಿ ಆನೆಯನ್ನು ಅದರ ಮೊದಲ ಅನುಸೂಚಿಗೆ ಸೇರಿಸಲಾಯಿತು. ಕಾಕನಕೋಟೆಯ ಕಾಡು ಇಂದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಭಾಗವಾಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಚಿಗುರುವ ಹುಲ್ಲಿಗಾಗಿ ಆನೆಗಳು ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ. ಇನ್ನೊಂದೆಡೆ, ಈ ಕಾಡನ್ನು ಬಲ್ಲ ಕುರುಬ ಕುಟುಂಬಗಳಲ್ಲಿ ಅನೇಕವು ಅಣೆಕಟ್ಟು ಮತ್ತು ಸಂರಕ್ಷಿತ ಪ್ರದೇಶದ ಕಾರಣದಿಂದ ನೆಲೆ ಕಳೆದುಕೊಂಡವು. ಕಾಡಂಚಿನ ಹೊಲಗಳಿಗೆ ನುಗ್ಗುವ ಆನೆಗಳನ್ನು ಹಿಡಿಯಲು ಈಗ ಅರಿವಳಿಕೆ ಚುಚ್ಚುಮದ್ದನ್ನು ಬಳಸಲಾಗುತ್ತದೆ; ಆಗಲೂ ಕುಮ್ಕಿ ಆನೆ, ಮಾವುತ ಮತ್ತು ಕಾವಾಡಿಗಳ ನೆರವು ಬೇಕಾಗುತ್ತದೆ.

ಸಾಹಿತ್ಯ ಮತ್ತು ಚಲನಚಿತ್ರ

- 1937ರ 'ಎಲಿಫೆಂಟ್ ಬಾಯ್' ಚಿತ್ರದ ಹೊರಾಂಗಣ ದೃಶ್ಯಗಳನ್ನು ಮೈಸೂರು ಸಂಸ್ಥಾನದಲ್ಲಿ ಚಿತ್ರೀಕರಿಸಲಾಯಿತು. ಅದರ ಬಾಲನಟ ಸಾಬು ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಮುಂದೆ ಆತ ಹಾಲಿವುಡ್‌ನಲ್ಲಿ ಹೆಸರು ಮಾಡಿದನು.
- ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಕಾಕನಕೋಟೆ' ನಾಟಕವು ಇಲ್ಲಿನ ಕುರುಬರ ಬದುಕನ್ನು ಕುರಿತದ್ದು. ಇದನ್ನು ಸಿ. ಆರ್. ಸಿಂಹ ಅವರು 1977ರಲ್ಲಿ ಚಲನಚಿತ್ರವಾಗಿ ನಿರ್ದೇಶಿಸಿದರು.