ಓಟ, ಒಲವು ಮತ್ತು ಎರಡನೆಯ ಅವಕಾಶ

ಪ್ರೇಮ, ಪಂದ್ಯ, ಪತನ, ಪುನರುತ್ಥಾನ ಈ ನಾಲ್ಕೂ ಒಂದೇ ಕಾದಂಬರಿಯಲ್ಲಿ ಕೂಡಿ ಬಂದರೆ ಅದನ್ನು ಕೆಳಗಿಡದೆ ಓದುವವರು ನಮ್ಮಲ್ಲಿ ಅನೇಕರಿದ್ದಾರೆ. ರಾತ್ರಿ ಹೋಟೆಲಿನ ಬಾಗಿಲು ಹಾಕಿ, ನೆಲ ತೊಳೆದು, ಮಲಗುವ ಮುನ್ನ ನಾಲ್ಕು ಪುಟ ತಿರುವುವ ಹುಡುಗರನ್ನೂ, ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಅಧ್ಯಾಯ ಮುಗಿಸುವ ಗುಮಾಸ್ತ ಬಂಧುಗಳನ್ನೂ ನಾವು ಬಲ್ಲೆವು. ಅಂತಹ ಕತೆಗಳನ್ನು ಕಂಡು ಮೂಗು ಮುರಿಯುವ ಪಂಡಿತರ ಪಂಗಡಕ್ಕೆ ನಾವು ಸೇರಿದವರಲ್ಲ. ನೊಂದ ಮನಸ್ಸು ಮಾಯುತ್ತದೆ, ಸೋತವನಿಗೆ ಇನ್ನೊಂದು ಅವಕಾಶ ದೊರೆಯುತ್ತದೆ ಎಂಬ ನಂಬಿಕೆಯಿಲ್ಲದೆ ಊರು ಬಿಟ್ಟು ಬಂದವರು ದಿನ ದೂಡುವುದು ಸುಲಭವಲ್ಲ.

ಆದರೆ ಇಂದು ನಾವು ವಾಚಕರ ಮುಂದಿಡಬಯಸುವುದು ಕಲ್ಪಿತ ಕತೆಯಲ್ಲ, ನಡೆದ ಕತೆ. ಕಾದಂಬರಿಕಾರನೊಬ್ಬನು ಇದನ್ನು ತಾನಾಗಿ ಹೆಣೆದಿದ್ದರೆ ಅತಿಯಾಯಿತೆಂದು ವಾಚಕರು ದೂರುತ್ತಿದ್ದರೋ ಏನೋ.

ಆಗಿನ ಜೆಕೊಸ್ಲೊವಾಕಿಯಾ ದೇಶದಲ್ಲಿ 1922ನೆಯ ಸಪ್ಟೆಂಬರ್ 19ರಂದು ಎರಡು ಶಿಶುಗಳು ಬೇರೆ ಬೇರೆ ಊರುಗಳಲ್ಲಿ ಜನಿಸಿದವು. ಒಂದು ಗಂಡು, ಎಮಿಲ್ ಝಾಟೋಪೆಕ್; ಇನ್ನೊಂದು ಹೆಣ್ಣು, ಡಾನಾ. ಎಮಿಲ್ ಬಡಗಿಯ ಮಗ. ಮೀಸೆ ಚಿಗುರುವ ವಯಸ್ಸಿನಲ್ಲಿಯೇ ಮನೆ ಬಿಟ್ಟು ಝ್ಲೀನ್ ಪಟ್ಟಣದ ಬಾಟಾ ಪಾದರಕ್ಷೆ ಕಾರಖಾನೆಗೆ ದುಡಿಯಲು ಹೋದವರು. ನಮ್ಮ ನಾಡಿನ ಹುಡುಗರು ಬಸ್ಸು ಹತ್ತಿ ಮುಂಬಯಿಗೆ ಬಂದಂತೆಯೇ ಇದೂ ಎಂದರೆ ತಪ್ಪಾಗಲಾರದು. 1941ರಲ್ಲಿ ಕಾರಖಾನೆಯ ವತಿಯಿಂದ ಓಟದ ಪಂದ್ಯವೊಂದು ನಡೆಯಿತು. ಎಮಿಲ್‌ಗೆ ಓಡುವ ಮನಸ್ಸಿರಲಿಲ್ಲ. ಮೈಯಲ್ಲಿ ಶಕ್ತಿಯಿಲ್ಲವೆಂದು ನೆವ ಹೇಳಿ ನೋಡಿದರು. ವೈದ್ಯರು ಪರೀಕ್ಷಿಸಿ ಓಡಲಡ್ಡಿಯಿಲ್ಲವೆಂದರು. ಒತ್ತಾಯಕ್ಕೆ ಓಡಿದ ಆ ಹುಡುಗ ಎರಡನೆಯವನಾಗಿ ಗುರಿ ಮುಟ್ಟಿದ. ಅಂದಿನಿಂದ ಓಟ ಅವರನ್ನು ಬಿಡಲಿಲ್ಲ.

ಅವರ ಅಭ್ಯಾಸ ಕ್ರಮ ವಿಚಿತ್ರವಾಗಿತ್ತು. ಸೈನ್ಯ ಸೇರಿದ ಮೇಲೆ ಭಾರವಾದ ಬೂಟುಗಳನ್ನು ತೊಟ್ಟು ಓಡುತ್ತಿದ್ದರು. ನಾಲ್ಕುನೂರು ಮೀಟರ್ ವೇಗವಾಗಿ ಓಡಿ, ಸ್ವಲ್ಪ ನಿಧಾನಿಸಿ, ಮತ್ತೆ ಓಡಿ, ಹೀಗೆ ದಿನಕ್ಕೆ ಹತ್ತಾರು ಸಲ ಮಾಡುತ್ತಿದ್ದರು. ಸ್ನಾನದ ತೊಟ್ಟಿಯಲ್ಲಿ ಬಟ್ಟೆಗಳನ್ನು ನೆನೆಹಾಕಿ ಅವುಗಳ ಮೇಲೆಯೇ ನಿಂತಲ್ಲಿ ಓಡುತ್ತಿದ್ದುದೂ ಉಂಟು. ಬಟ್ಟೆಯೂ ಶುಭ್ರವಾಯಿತು, ಅಭ್ಯಾಸವೂ ಆಯಿತು! ಅವರು ಓಡುವಾಗ ಮುಖ ಕಿವುಚಿ ತಲೆ ಅಲುಗಾಡಿಸುವುದನ್ನು ಕಂಡು ಜನ ನಗುತ್ತಿದ್ದರು. ಓಡುತ್ತಲೇ ನಗುವಷ್ಟು ಪ್ರತಿಭೆ ತಮಗಿಲ್ಲವೆಂಬ ಅರ್ಥದ ಉತ್ತರ ಅವರಿಂದ ಬರುತ್ತಿತ್ತು.

1948ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟ. ಎಮಿಲ್ 10,000 ಮೀಟರ್ ಓಟದಲ್ಲಿ ಸ್ವರ್ಣ, 5,000 ಮೀಟರಿನಲ್ಲಿ ರಜತ ಗಳಿಸಿದರು. ಭರ್ಜಿ ಎಸೆತದಲ್ಲಿ ಡಾನಾ ಏಳನೆಯವರಾದರು. ಇಬ್ಬರೂ ಒಂದೇ ದಿನ ಹುಟ್ಟಿದವರೆಂಬುದು ಅಷ್ಟರಲ್ಲಿ ಇಬ್ಬರಿಗೂ ತಿಳಿದಿತ್ತು. ಪದಕವನ್ನು ತೋರಿಸಲೆಂದು ಎಮಿಲ್ ಮಹಿಳೆಯರ ಬಿಡಾರಕ್ಕೆ ಹೋದರು. ಅಲ್ಲಿ ಪದಕ ಕೈಜಾರಿ ಈಜುಕೊಳಕ್ಕೆ ಬಿದ್ದಿತಂತೆ! ಅದೇ ವರ್ಷದ ಅಕ್ಟೋಬರಿನಲ್ಲಿ ಅವರ ವಿವಾಹವಾಯಿತು.

ನಾಲ್ಕು ವರ್ಷಗಳ ತರುವಾಯ ಹೆಲ್ಸಿಂಕಿ ಕೂಟ. ಹೊರಡುವ ಮೊದಲೇ ಒಂದು ವಿಘ್ನ. ಸ್ಟಾನಿಸ್ಲಾವ್ ಯುಂಗ್‌ವಿರ್ತ್ ಎಂಬ ಓಟಗಾರನ ತಂದೆ ರಾಜಕೀಯ ಕೈದಿಯೆಂಬ ಕಾರಣಕ್ಕೆ ಆ ತರುಣನನ್ನು ತಂಡದಿಂದ ಕೈಬಿಡಲಾಗಿತ್ತು. ಅವನಿಲ್ಲದೆ ತಾನೂ ಬರುವುದಿಲ್ಲವೆಂದು ಎಮಿಲ್ ಹಟ ಹಿಡಿದರು. ಅಂದಿನ ಸರಕಾರದೆದುರು ಆ ಮಾತಾಡುವುದು ಹಗುರ ಸಂಗತಿಯಾಗಿರಲಿಲ್ಲ. ಕೊನೆಗೆ ಅಧಿಕಾರಿಗಳೇ ಮಣಿದರು. ಇಬ್ಬರೂ ತಡವಾಗಿ ಹೆಲ್ಸಿಂಕಿ ತಲುಪಿದರು.

1952ರ ಜುಲೈ 20ರಂದು 10,000 ಮೀಟರಿನಲ್ಲಿ ಸ್ವರ್ಣ. ಜುಲೈ 24ರಂದು 5,000 ಮೀಟರ್. ಅಂದು ಕೊನೆಯ ಸುತ್ತಿನಲ್ಲಿ ಮೂವರು ಮುಂದಾಗಿ ಎಮಿಲ್ ನಾಲ್ಕನೆಯವರಾಗಿ ಹಿಂದುಳಿದಿದ್ದರು. ಕೊನೆಯ ತಿರುವಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. ಡಾನಾ ಆ ಪದಕವನ್ನು ಅವರ ಕೈಯಿಂದ ತೆಗೆದುಕೊಂಡು, ಶುಭವಾಗಲೆಂದು ತಮ್ಮ ಚೀಲದಲ್ಲಿಟ್ಟುಕೊಂಡು, ಮೈದಾನಕ್ಕಿಳಿದು ಮೊದಲ ಎಸೆತದಲ್ಲಿಯೇ ಭರ್ಜಿಯನ್ನು 50.47 ಮೀಟರ್ ದೂರಕ್ಕೆ ಎಸೆದರು. ಸ್ವರ್ಣ ಪದಕ! ಪತ್ನಿಯ ಜಯಕ್ಕೆ ತನ್ನ ಸ್ಫೂರ್ತಿಯೂ ಕಾರಣವೆಂದು ಎಮಿಲ್ ವಿನೋದವಾಡಿದರು. ಹಾಗಾದರೆ ಬೇರೊಬ್ಬ ಹುಡುಗಿಗೆ ಸ್ಫೂರ್ತಿ ಕೊಟ್ಟು, ಆಕೆ ಐವತ್ತು ಮೀಟರ್ ಎಸೆಯುತ್ತಾಳೋ ನೋಡಿರಿ ಎಂದು ಡಾನಾ ಮರುನುಡಿದರಂತೆ. ಜುಲೈ 27ರಂದು, ಅದುವರೆಗೆ ಒಮ್ಮೆಯೂ ಓಡದಿದ್ದ ಮ್ಯಾರಥಾನನ್ನೂ ಎಮಿಲ್ ಗೆದ್ದರು. ಒಂದೇ ಒಲಿಂಪಿಕ್ ಕೂಟದಲ್ಲಿ ಈ ಮೂರೂ ಓಟಗಳನ್ನು ಗೆದ್ದವರು ಅವರಲ್ಲದೆ ಇನ್ನೊಬ್ಬರಿಲ್ಲ.

ಸಾಧಾರಣ ಕಾದಂಬರಿಯಾದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಏರಿದವರು ಇಳಿಯಲೇಬೇಕಷ್ಟೆ. 1956ರಲ್ಲಿ ಎಮಿಲ್‌ಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ವಿಶ್ರಾಂತಿ ಹೇಳಿದ್ದರೂ ಬೇಗನೆ ಅಭ್ಯಾಸಕ್ಕಿಳಿದು ಮೆಲ್ಬೋರ್ನಿಗೆ ಹೋದರು. ಅಲ್ಲಿ ಮ್ಯಾರಥಾನಿನಲ್ಲಿ ಆರನೆಯ ಸ್ಥಾನ. ಗೆದ್ದವರು ಫ್ರಾನ್ಸಿನ ಅಲೆನ್ ಮಿಮೂನ್, ಹಿಂದೆ ಒಲಿಂಪಿಕ್ಕಿನಲ್ಲಿ ಮೂರು ಬಾರಿ ಎಮಿಲ್‌ರ ಹಿಂದೆ ಎರಡನೆಯವರಾಗಿ ನಿಂತವರು! ಮಿಮೂನ್ ಗುರಿಯ ಬಳಿ ಗೆಳೆಯನಿಗಾಗಿ ಕಾದು ನಿಂತರು. ಬಳಲಿ ಬಂದ ಎಮಿಲ್ ಸುದ್ದಿ ಕೇಳಿ, ವಂದನೆ ಸಲ್ಲಿಸಿ, ಅವರನ್ನು ತಬ್ಬಿಕೊಂಡರು. ಎರಡನೆಯ ಅವಕಾಶವು ಒಮ್ಮೊಮ್ಮೆ ನಮ್ಮ ಪ್ರತಿಸ್ಪರ್ಧಿಗೆ ದೊರೆಯುತ್ತದೆ. ಅದನ್ನು ಕಂಡು ಸಂತೋಷಿಸುವುದಕ್ಕೂ ಎದೆ ಬೇಕು. ಡಾನಾರ ಸರದಿ ಇನ್ನೂ ಮುಗಿದಿರಲಿಲ್ಲ. 1960ರಲ್ಲಿ ರೋಮಿನಲ್ಲಿ, 37ರ ವಯಸ್ಸಿನಲ್ಲಿ, ಅವರು ರಜತ ಪದಕ ಗೆದ್ದರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು 1968ರಲ್ಲಿ ಬಿದ್ದಿತು. ಆಗಸ್ಟ್ ತಿಂಗಳಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಹೊಕ್ಕಾಗ ಎಮಿಲ್ ಬಹಿರಂಗವಾಗಿ ಪ್ರತಿಭಟಿಸಿದರು. ಪರಿಣಾಮವಾಗಿ ಪಕ್ಷದಿಂದ ಹೊರದೂಡಲ್ಪಟ್ಟರು. ಸೈನ್ಯದ ಕರ್ನಲ್ ಹುದ್ದೆಯೂ ಹೋಯಿತು. ಬಳಿಕ ವರ್ಷಗಟ್ಟಲೆ ಭೂಮಿಯಲ್ಲಿ ಕೊಳವೆ ಕೊರೆಯುವ ತಂಡದೊಡನೆ, ಚಕ್ರದ ಮೇಲಿನ ಗೂಡಿನಂತಹ ಮನೆಯಲ್ಲಿ, ಊರಿಂದೂರಿಗೆ ಅಲೆದರು. ಜಗತ್ತು ಹೊತ್ತು ಮೆರೆಸಿದ ವ್ಯಕ್ತಿ ಕೂಲಿಯಾಳಾದರು. ದಣಿದು, ಹಿಂದೆ ಆಡಿದ ಮಾತನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಕೆಲವು ಮಿತ್ರರು ಅದನ್ನು ಕ್ಷಮಿಸಲಿಲ್ಲ. ವೀರನೂ ಮನುಷ್ಯನೇ ಎಂಬುದನ್ನು ಮರೆಮಾಚಿ ಬರೆಯಲು ನಮಗೆ ಮನಸ್ಸಿಲ್ಲ. ಆದರೆ ಪ್ರಾಗಿನ ಮನೆಯ ಬಾಗಿಲು ಅವರಿಗೆ ಎಂದೂ ಮುಚ್ಚಲಿಲ್ಲ. ಮಕ್ಕಳಿಲ್ಲದ ಆ ದಂಪತಿಗಳಿಗೆ ಒಬ್ಬರಿಗೊಬ್ಬರೇ ಆಸರೆ. ಪದಕ, ಪದವಿ, ಪ್ರಶಂಸೆ ಎಲ್ಲವೂ ಹೋದ ಮೇಲೂ ಡಾನಾ ಇದ್ದರು.

ಕಾಲಚಕ್ರ ಮತ್ತೆ ತಿರುಗಿತು. 1989ರಲ್ಲಿ ಅಲ್ಲಿಯ ಆಡಳಿತ ಉರುಳಿತು. 1990ರಲ್ಲಿ ಎಮಿಲ್‌ರ ಗೌರವವನ್ನು ಅಧಿಕೃತವಾಗಿ ಮರಳಿಸಲಾಯಿತು. 2000ದ ನವೆಂಬರಿನಲ್ಲಿ ಅವರು ತೀರಿಕೊಂಡರು. ಡಾನಾ 2020ರ ಮಾರ್ಚ್‌ವರೆಗೆ, 97 ವರ್ಷ ಬಾಳಿದರು. ಫ್ರಾನ್ಸಿನ ಜಾನ್ ಎಶ್ನೋಜ್ ಎಂಬ ಲೇಖಕರು 2008ರಲ್ಲಿ ಎಮಿಲ್‌ರ ಬಾಳನ್ನೇ ಕಾದಂಬರಿಯಾಗಿಸಿದ್ದಾರೆ.

ನಮ್ಮ ಭಾಷೆಯಲ್ಲಿ ತ್ರಿವೇಣಿಯವರ ‘ಶರಪಂಜರ’ವನ್ನು ಓದದವರು ವಿರಳ. ಅದರ ಕಾವೇರಿಯ ಮನೋರೋಗ ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಆದರೆ ಮನೆಗೆ ಬಂದಾಗ ಗಂಡನೇ ಅವಳನ್ನು ಮೊದಲಿನಂತೆ ಕಾಣುವುದಿಲ್ಲ. ಗಾಯ ಮಾಯುವುದೇ ಬೇರೆ, ಮಾಯಿಸಿಕೊಂಡು ಬಂದವರಿಗೆ ಜಾಗ ಕೊಡುವುದೇ ಬೇರೆ. ಮೊದಲನೆಯದು ವೈದ್ಯರ ಕೈಯಲ್ಲಿದೆ, ಎರಡನೆಯದು ನಮ್ಮ ಕೈಯಲ್ಲಿದೆ. ಕಾವೇರಿಗೆ ದೊರೆಯದುದು ಎಮಿಲ್‌ಗೆ ದೊರೆಯಿತು.

ಗಲ್ಲಾದ ಹಿಂದೆ ಬಹುಕಾಲ ಕುಳಿತಿದ್ದ ನಮಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು. ಕಾಯಿಲೆ ಬಿದ್ದು ಊರಿಗೆ ಹೋದ ಮಾಣಿ ಮೂರು ತಿಂಗಳ ಮೇಲೆ ಟ್ರಂಕು ಹಿಡಿದು ಮರಳಿದಾಗ ಅವನ ಜಾಗದಲ್ಲಿ ಬೇರೊಬ್ಬನಿರುತ್ತಾನೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗ ನಾಚಿಕೆಯಿಂದ ರಾತ್ರಿ ಶಾಲೆಯ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾನೆ. ಇವರಿಗೆ ಬೇಕಾದುದು ಅನುಕಂಪದ ಮಾತಲ್ಲ. ಮಾಣಿಗೆ ಕೆಲಸ ಬೇಕು, ಹುಡುಗನಿಗೆ ಪುಸ್ತಕ ಬೇಕು, ಇಬ್ಬರಿಗೂ ಬಾ ಎನ್ನುವ ಒಬ್ಬರು ಬೇಕು.

1966ರಲ್ಲಿ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಪ್ರಾಗಿಗೆ ಬಂದಿದ್ದರು. ಅನೇಕ ವಿಶ್ವದಾಖಲೆಗಳನ್ನು ಮಾಡಿದ್ದರೂ ಒಲಿಂಪಿಕ್ ಸ್ವರ್ಣ ಅವರಿಗೆ ದಕ್ಕಿರಲಿಲ್ಲ. ಹೊರಡುವಾಗ ಎಮಿಲ್ ಅವರ ಕೈಗೆ ಒಂದು ಸಣ್ಣ ಪೊಟ್ಟಣವನ್ನಿತ್ತರು. ವಿಮಾನದಲ್ಲಿ ಬಿಚ್ಚಿ ನೋಡಿದರೆ ಒಳಗಿದ್ದುದು 10,000 ಮೀಟರ್ ಓಟಕ್ಕೆ ಹೆಲ್ಸಿಂಕಿಯಲ್ಲಿ ದೊರೆತ ಸ್ವರ್ಣ ಪದಕ.