ಕೋಪಿಸಿಕೊಳ್ಳುವ ದೇವರು, ತಣ್ಣಗಿನ ನಾಡು

ಕೋಪವನ್ನು ಗೆದ್ದವನೇ ಜ್ಞಾನಿ ಎಂದು ನಂಬಿದ ಜನರ ನಡುವೆ ಕೋಪಿಸಿಕೊಳ್ಳುವ ದೇವರನ್ನು ಪರಿಚಯಿಸುವುದು ಹೇಗೆ? 1960ರಲ್ಲಿ ಉತ್ತರ ಥಾಯ್ಲೆಂಡಿಗೆ ಹೋದ ಜಪಾನಿನ ಕ್ರೈಸ್ತ ಚಿಂತಕ ಕೊಸುಕೆ ಕೊಯಾಮಾ ಅವರಿಗೆ ಎದುರಾದದ್ದು ಈ ಪ್ರಶ್ನೆ.

ಕೊಯಾಮಾ ಹುಟ್ಟಿದ್ದು 1929ರಲ್ಲಿ, ಟೋಕಿಯೋದಲ್ಲಿ. 1945ರಲ್ಲಿ ಅಮೆರಿಕದ ಬಾಂಬುಗಳು ಆ ನಗರವನ್ನು ಸುಡುತ್ತಿದ್ದಾಗ, 15ರ ವಯಸ್ಸಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಅಮೆರಿಕನ್ನರನ್ನೂ ಪ್ರೀತಿಸಬೇಕೆಂದು ಅಂದು ಪಾದ್ರಿ ಹೇಳಿದ ಮಾತು ಅವರಲ್ಲಿ ಕೊನೆಯವರೆಗೂ ಉಳಿಯಿತು. ಮುಂದೆ ಅದೇ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಮಾರ್ಟಿನ್ ಲೂಥರನ ಕುರಿತು ಸಂಶೋಧನೆ ನಡೆಸಿದರು. ಆ ಪಾಂಡಿತ್ಯವನ್ನು ಹೊತ್ತು ಥಾಯ್ಲೆಂಡಿಗೆ ಬಂದರೆ, ಹಳ್ಳಿಯ ಚರ್ಚಿಗೆ ಹೋಗುವ ದಾರಿಯಲ್ಲಿ ಕಂಡದ್ದು ಕೆಸರುಗದ್ದೆಯ ಎಮ್ಮೆಗಳು. ದಿನವಿಡೀ ಅವುಗಳೊಡನೆ ದುಡಿಯುವ ರೈತನಿಗೆ ತಲುಪದ ದೇವಶಾಸ್ತ್ರದಿಂದ ಏನು ಪ್ರಯೋಜನ? 1974ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಗ್ರಂಥದ ಹೆಸರು ‘ವಾಟರ್‌ಬಫಲೋ ಥಿಯಾಲಜಿ’. ನಮಗೆ ‘ಎಮ್ಮೆಯ ದೇವಶಾಸ್ತ್ರ’ ಎಂದರೆ ಸಾಕು. ಎಮ್ಮೆಯ ಹಿಂದೆ ನೀರನ್ನು ಸೇರಿಸಬೇಕಾದದ್ದು ಇಂಗ್ಲಿಷಿನವರ ಪಾಡು.

ಥಾಯ್ಲೆಂಡಿನದು ಥೇರವಾದ ಬೌದ್ಧಧರ್ಮ. ಅಲ್ಲಿ ಆದರ್ಶಪುರುಷನೆಂದರೆ ರಾಗದ್ವೇಷಗಳನ್ನು ಆರಿಸಿಕೊಂಡ ಅರ್ಹಂತ. ಗೀತೆಯ ಸ್ಥಿತಪ್ರಜ್ಞನನ್ನು ಬಲ್ಲ ನಮಗೂ ಇದು ಹೊಸದಲ್ಲ. ಆದರೆ ಬೈಬಲಿನ ದೇವರು ಉರಿಯುವ ಪೊದೆಯಿಂದ ಮಾತನಾಡುತ್ತಾನೆ, ಚಿನ್ನದ ಕರುವನ್ನು ಪೂಜಿಸಿದ ಜನರ ಮೇಲೆ ಸಿಡಿಯುತ್ತಾನೆ. ಬೌದ್ಧ ಕಿವಿಗೆ ಇವನು ದೇವರಾಗುವುದಿರಲಿ, ಇನ್ನೂ ಸಾಧನೆ ಬೇಕಾದ ಜೀವಿ! ‘ದೇವರು ಪ್ರೀತಿ’ ಎಂದರೂ ತೊಡಕು ತಪ್ಪದು. ಪ್ರೀತಿಯೂ ಒಂದು ಅಂಟು, ಅಂಟಿನಿಂದಲೇ ದುಃಖ.

ಕೋಪವನ್ನು ಮರೆಮಾಚಿ ತಣ್ಣಗಿನ ದೇವರನ್ನು ಮುಂದಿಟ್ಟಿದ್ದರೆ ಬೋಧಕನ ಕೆಲಸ ಸುಲಭವಾಗುತ್ತಿತ್ತು. ಕೊಯಾಮಾ ಆ ಹಾದಿ ಹಿಡಿಯಲಿಲ್ಲ. ಅವರು ಕೋಪದ ಬೇರನ್ನೇ ಹುಡುಕಿದರು. ಬೈಬಲಿನ ದೇವರು ಮನುಷ್ಯರ ಚರಿತ್ರೆಯೊಳಗೆ ಸಿಕ್ಕಿಕೊಂಡವನು, ಅವರೊಡನೆ ಒಡಂಬಡಿಕೆ ಮಾಡಿಕೊಂಡವನು. ಹೋಶೇಯನ ಗ್ರಂಥದಲ್ಲಂತೂ ಅವನು ಬಿಟ್ಟುಹೋದ ಹೆಂಡತಿಗಾಗಿ ಒಳಗೇ ಬೇಯುವ ಗಂಡನಂತಿದ್ದಾನೆ. ಸಂಬಂಧವೇ ಇಲ್ಲದವನಿಗೆ ಸಿಟ್ಟು ಬರುವುದಿಲ್ಲ. ಹಾಗಾದರೆ ಕೋಪವು ಪ್ರೀತಿಯ ಇನ್ನೊಂದು ಮುಖವೇ? ಹೌದೆಂದರೆ, ಅಂಟಿಕೊಳ್ಳುವುದು ದೇವರಿಗೆ ದೋಷವಲ್ಲ ಎಂದು ಬೌದ್ಧನು ಒಪ್ಪಬೇಕು. ಶಾಂತಿಗೆ ಇಷ್ಟು ಬೆಲೆ ಕೊಟ್ಟ ನಾಡಿನಿಂದ ಕಲಿಯಲು ಏನೋ ಇದೆಯೆಂದು ಕ್ರೈಸ್ತನೂ ಒಪ್ಪಬೇಕು. ಇಬ್ಬರಿಗೂ ಕಷ್ಟ. ಕೊಯಾಮಾರ ಬರಹದ ಕಸುವಿರುವುದು ಈ ಕಷ್ಟವನ್ನು ತಪ್ಪಿಸದಿರುವುದರಲ್ಲಿಯೇ.

ಕಾಲದ ವಿಷಯವೂ ಹೀಗೆಯೇ. ವರ್ಷವರ್ಷವೂ ಮರಳಿ ಬರುವ ಮುಂಗಾರನ್ನು ನಂಬಿ ಬದುಕುವವನಿಗೆ ಕಾಲವೊಂದು ಚಕ್ರ; ಬೈಬಲಿನಲ್ಲಿ ಅದು ಸೃಷ್ಟಿಯಿಂದ ಅಂತ್ಯದತ್ತ ಸಾಗುವ ದಾರಿ. ದೇವರು ಆ ದಾರಿಯಲ್ಲಿ ಗಂಟೆಗೆ 3 ಮೈಲಿಯಂತೆ, ಅಂದರೆ ಮನುಷ್ಯ ನಡೆಯುವ ವೇಗದಲ್ಲಿ, ಸಾಗುತ್ತಾನೆ ಎಂದು ಕೊಯಾಮಾ ಮತ್ತೊಂದು ಪುಸ್ತಕದಲ್ಲಿ ಬರೆದರು. ಇಸ್ರೇಲರು ಮರುಭೂಮಿಯಲ್ಲಿ 40 ವರ್ಷ ಅಲೆದದ್ದನ್ನು ನೆನೆದರೆ ಇದು ಬರಿಯ ಚಮತ್ಕಾರದ ಮಾತಲ್ಲ.

ಪೂರ್ವದ ಕಣ್ಣಿನಿಂದ ನೋಡಿದರೆಂದ ಮಾತ್ರಕ್ಕೆ ಅವರು ಪೂರ್ವವನ್ನು ಹೊಗಳುತ್ತ ಕೂರಲಿಲ್ಲ. 1984ರ ‘ಮೌಂಟ್ ಫ್ಯೂಜಿ ಅಂಡ್ ಮೌಂಟ್ ಸೈನಾಯ್’ ಗ್ರಂಥದಲ್ಲಿ ಅವರು ತಮ್ಮದೇ ದೇಶದ ಚಕ್ರವರ್ತಿ ಪೂಜೆಯನ್ನು ವಿಗ್ರಹಾರಾಧನೆಯೆಂದು ಕರೆದು, 1945ರ ವಿನಾಶವನ್ನು ಅದರೊಡನೆ ಜೋಡಿಸಿದರು. 2009ರಲ್ಲಿ ಅಮೆರಿಕದಲ್ಲಿ ತೀರಿಕೊಂಡ ಕೊಯಾಮಾರಿಗೆ ಸೀನಾಯಿ ಬೆಟ್ಟದ ಆ ಕೋಪ, ಹುಡುಗನಾಗಿದ್ದಾಗ ಕಂಡ ಟೋಕಿಯೋದ ಬೂದಿಯ ನಡುವೆ ಪರದೇಶದ್ದಾಗಿ ಕಾಣಲಿಲ್ಲ.